ಕಂಬಳಿಪೇಟೆ ನಿಲ್ದಾಣಕ್ಕೆ ಕೇಳಿಸಿದ್ದು

ಮನೆಗಳು ಪಾಯದಿಂದ ಮೇಲಕ್ಕೆ ಏಳುತ್ತವೆ. ನಾನು ಬೀದಿಯಿಂದ ಕೆಳಕ್ಕೆ ಇಳಿಯುತ್ತ ಹುಟ್ಟಿದೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಕಂಬಳಿ, ಜಮಖಾನ, ಹಗ್ಗ, ಗೋಣಿಚೀಲ ಮಾರುವ ಅಂಗಡಿಗಳ ಸಾಲಿನ ಅಡಿಯಲ್ಲಿ, ಅರವತ್ತು ಅಡಿ ಆಳದಲ್ಲಿ ನಾನಿದ್ದೇನೆ. ಬೋರ್ಡಿನ ಮೇಲೆ ನನ್ನ ಹೆಸರು ಕಂಬಳಿಪೇಟೆ ಮೆಟ್ರೋ ನಿಲ್ದಾಣ. ಅವಸರದಲ್ಲಿರುವವರು ಬರೀ ‘ಪೇಟೆ’ ಎಂದು ಕರೆದು ಓಡುತ್ತಾರೆ.

ನನ್ನನ್ನು ತೋಡಲು ನಾಲ್ಕು ವರ್ಷ ಹಿಡಿಯಿತು. ಮೇಲಿನ ಹತ್ತಡಿ ಮಣ್ಣು, ಅದರ ಕೆಳಗೆಲ್ಲ ಕರೀ ಬಂಡೆ. ದಿನವೂ ಹನ್ನೊಂದು ಗಂಟೆಗೆ ಸೀಟಿ ಊದಿ ಸಿಡಿಮದ್ದು ಸಿಡಿಸುತ್ತಿದ್ದರು. ಸೀಟಿ ಕೇಳಿದೊಡನೆ ಮೂಲೆಯ ಹೋಟೆಲಿನವನು ಕಾಫಿ ಲೋಟಗಳನ್ನು ಶೆಲ್ಫಿನಿಂದ ಇಳಿಸಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದ. ಧಡ್ ಎಂದ ಮೇಲೆ ಮತ್ತೆ ಎತ್ತಿಡುತ್ತಿದ್ದ. ನಾಲ್ಕು ವರ್ಷ ಆ ಮನುಷ್ಯ ನನ್ನ ಮೇಲೆ ಒಂದು ಸಲವೂ ರೇಗಲಿಲ್ಲ. ಲೋಟ ಒಡೆದ ದಿನ ಮಾತ್ರ ಬಗ್ಗಿ ಗುಂಡಿಯೊಳಗೆ ನೋಡಿ, “ಇನ್ನೂ ಎಷ್ಟು ಆಳ ಹೋಗ್ತೀರಪ್ಪಾ, ಪಾತಾಳಕ್ಕಾ?” ಎಂದಿದ್ದ.

ಬಂಡೆ ಮುಗಿದ ಮೇಲೆ ಕಬ್ಬಿಣ ಕಟ್ಟಿ ಕಾಂಕ್ರೀಟು ಸುರಿದರು. ಹೊಸ ಕಾಂಕ್ರೀಟಿಗೆ ನೀರು ಬೇಕು. ಗೋಡೆಗಳಿಗೆ ಗೋಣಿತಾಟು ಹೊದಿಸಿ, ದಿನಕ್ಕೆ ಆರು ಸಲ ಪೈಪು ಹಿಡಿದು ತೋಯಿಸುವ ಕೆಲಸಕ್ಕೆ ಪಾವಗಡದ ಕಡೆಯಿಂದ ಬಂದ ಚೌಡಮ್ಮ ಎಂಬಾಕೆ ಇದ್ದಳು. ಕೂಸಿಗೆ ನೀರೆರೆಯುವವರು ಮಾತಾಡಿಸುತ್ತ ಎರೆಯುವುದಿಲ್ಲವೇ, ಹಾಗೆ ಅವಳು ನನ್ನ ಗೋಡೆಗಳೊಡನೆ ಮಾತಾಡುತ್ತಿದ್ದಳು. “ಕುಡಿ, ಕುಡಿ. ಗಟ್ಯಾಗು. ನಾಳೆ ನಿನ್ ತಲೆ ಮ್ಯಾಲೆ ಲಾರಿ ಓಡಾಡ್ತವೆ.” ನಾನು ಮೊದಲು ಗುರುತಿಟ್ಟುಕೊಂಡ ಮನುಷ್ಯದನಿ ಅವಳದೇ.

ಕೊನೆಗೆ ಹಳಿ ಬಂತು, ಟೈಲ್ಸ್ ಬಂತು, ಎಸ್ಕಲೇಟರ್ ಬಂತು. ಕಟ್ಟಿದ ಕಂತ್ರಾಟುದಾರರು ಬೀಗದಕೈ ಗೊಂಚಲನ್ನು ಮೆಟ್ರೋದವರ ಕೈಗೆ ಕೊಟ್ಟು ಹೋದರು. ಅವರಲ್ಲಿ ಯಾರೂ ತಿರುಗಿ ಬರಲಿಲ್ಲ. ಚೌಡಮ್ಮ ಮಾತ್ರ ಉಳಿದಳು. ನೀಲಿ ಯೂನಿಫಾರ್ಮು ತೊಟ್ಟು, ಒರೆಸುವ ಕೋಲು ಹಿಡಿದು, ತಾನು ನೀರುಣಿಸಿದ ಗೋಡೆಗಳ ನಡುವೆ ನೆಲ ಒರೆಸುವ ಕೆಲಸಕ್ಕೆ ಸೇರಿಕೊಂಡಳು.

ನನಗೂ ಒಂದು ದನಿ ಕೊಟ್ಟರು. ಯಾವುದೋ ಸ್ಟುಡಿಯೋದಲ್ಲಿ ಕುಳಿತು ಯಾರೋ ಹೆಣ್ಣುಮಗಳು ಹೇಳಿ ಮುದ್ರಿಸಿದ್ದ ಮಾತುಗಳು ಅವು. “ಪ್ರಯಾಣಿಕರ ಗಮನಕ್ಕೆ. ದಯವಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಿ.” ಬೆಳಗಿನ ಐದಕ್ಕೆ ಹೇಗೋ ಸಂಜೆಯ ಆರಕ್ಕೂ ಹಾಗೇ; ನೆಗಡಿಯಿಲ್ಲ, ಆಯಾಸವಿಲ್ಲ. ಎಷ್ಟು ಚೆಂದದ ದನಿಯೆಂದರೆ ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ನನ್ನ ಬಾಗಿಲು ತೆರೆದ ಮೂರನೇ ವರ್ಷ ಪ್ರಫುಲ್ಲಾ ಬಂದಳು.

ಹಿರಿಯೂರಿನ ಹುಡುಗಿ. ತಂದೆ ಬಸ್ ಕಂಡಕ್ಟರ್. ಇಡೀ ಊರಿಗೆ ಕೇಳುವ ಹಾಗೆ ‘ರೈಟ್ ರೈಟ್’ ಎನ್ನುವ ಗಂಟಲಂತೆ. ಮಗಳಿಗೆ ಮಾತು ತಡೆಯುತ್ತಿತ್ತು. ನಾಲ್ಕು ಪದ ಸಲೀಸಾಗಿ ಬಂದು ಐದನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಗ ಅವಳ ಕಣ್ಣು ಪಿಳಿಪಿಳಿ ಹೊಡೆದುಕೊಂಡು, ಗದ್ದ ಒಂದು ಕಡೆಗೆ ಜಗ್ಗುತ್ತಿತ್ತು. ಕ, ಪ, ಛ ಅವಳಿಗೆ ಕಷ್ಟದ ಅಕ್ಷರಗಳು. ಎಲ್ಲಕ್ಕಿಂತ ಕಷ್ಟದ್ದು ‘ಪ್ರ’. ತನ್ನ ಹೆಸರನ್ನು ತಾನೇ ಹೇಳಲಾರದೆ, ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಕೈಯೆತ್ತಿ ಸುಮ್ಮನಿರುತ್ತಿದ್ದಳಂತೆ. ಮನೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರು, ಬೆಣಚುಕಲ್ಲು ಬಾಯಲ್ಲಿಟ್ಟು ಓದಿಸಿದ್ದರು. ಬಜೆಯ ಖಾರ ಮಾತ್ರ ನೆನಪಿದೆ ಎಂದು ಅವಳೇ ಒಮ್ಮೆ ನಗುತ್ತ ಚೌಡಮ್ಮನಿಗೆ ಹೇಳಿದ್ದಳು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಕಾಲೇಜಿಗೇ ಮೊದಲು ಬಂದವಳು. ಲಿಖಿತ ಪರೀಕ್ಷೆಯಲ್ಲಿ ಅವಳ ಅಂಕ ನೋಡಿದ ಮೇಲೆ ಸಂದರ್ಶನದವರು ಹೆಚ್ಚು ಮಾತಾಡಿಸಲೇ ಇಲ್ಲ. ಹಾಗಾಗಿ ಸ್ಟೇಷನ್ ಕಂಟ್ರೋಲರ್ ಆಗಿ ನನ್ನ ಗಾಜಿನ ಕೋಣೆಯೊಳಗೆ ಬಂದು ಕುಳಿತಳು. ಮುಂದೆ ಹದಿನಾರು ಕ್ಯಾಮೆರಾದ ಪರದೆಗಳು, ಎರಡು ಫೋನು, ಒಂದು ಮೈಕು. ರೈಲು, ಲಿಫ್ಟು, ಬಾಗಿಲು, ದೀಪ ಎಲ್ಲದರ ಮೇಲೂ ಅವಳ ಕಣ್ಣು. ಎಸ್ಕಲೇಟರಿನ ಸದ್ದು ಸ್ವಲ್ಪ ಬದಲಾದರೂ ಕಿವಿ ನಿಮಿರುತ್ತಿತ್ತು. ನನ್ನ ಮೈಯಲ್ಲಿ ಎಲ್ಲಿ ಏನು ನೋವು ಎಂದು ಅವಳಷ್ಟು ಬೇಗ ಯಾರಿಗೂ ತಿಳಿಯುತ್ತಿರಲಿಲ್ಲ.

ಫೋನಿಗೆ ಅವಳದೇ ಉಪಾಯಗಳಿದ್ದವು. ನಿಯಂತ್ರಣ ಕೇಂದ್ರದವರು ಕರೆದರೆ ‘ಕಂಬಳಿಪೇಟೆ’ ಎನ್ನದೆ ‘ಹನ್ನೊಂದನೇ ಸ್ಟೇಷನ್’ ಎನ್ನುವಳು. ಕಷ್ಟದ ಪದ ಎದುರಾದರೆ ಬಳಸಿಕೊಂಡು ಬೇರೆ ಪದ ಹಿಡಿದು ದಾಟುವಳು. ಪಕ್ಕದಲ್ಲಿದ್ದವರಿಗೂ ಕೆಲವು ಸಲ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಒಂದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ: ಅವಳು ತಡವರಿಸಿದಾಗ ಎದುರಿನವರು ಆ ಪದವನ್ನು ತಾವೇ ಹೇಳಿ ಮುಗಿಸುವುದು. “ನನ್ನ ತಟ್ಟೆಗೆ ಕೈ ಹಾಕಿ ನನ್ನ ತುತ್ತು ಅವರು ತಿಂದ ಹಾಗಾಗುತ್ತೆ, ಚೌಡಕ್ಕ” ಎಂದಿದ್ದಳು.

ಸೇರಿದ ಎರಡನೇ ತಿಂಗಳು ಒಂದು ಮಧ್ಯಾಹ್ನ, ಯಾರೋ ಮಾತ್ರೆ ಡಬ್ಬಿಯಿದ್ದ ಕೈಚೀಲವನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದರು. ಅದಕ್ಕೆ ಮುದ್ರಿಸಿದ ಮಾತು ಇರಲಿಲ್ಲ. ಪ್ರಫುಲ್ಲಾ ಮೈಕಿನ ಗುಂಡಿ ಒತ್ತಿದಳು. ನಿಯಮದ ಪ್ರಕಾರ ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರುಮಾಡಬೇಕು. ಅವಳ ಹೆಸರಿನ ಮೊದಲ ಅಕ್ಷರವೇ ಆ ವಾಕ್ಯದ ಮೊದಲ ಅಕ್ಷರ.

“ಪ್ರ...” ಎಂದಳು. ಆಮೇಲೆ ಏನೂ ಬರಲಿಲ್ಲ. ನನ್ನ ನಲವತ್ತು ಸ್ಪೀಕರುಗಳಲ್ಲಿ ಅವಳ ಉಸಿರು ಮಾತ್ರ ಕೇಳಿಸಿತು. ಪ್ಲಾಟ್‌ಫಾರಂ ಮೇಲೆ ಇಬ್ಬರು ತರುಣರು, “ಪ್ರ ಪ್ರ ಪ್ರ, ಗಾಡಿ ಸ್ಟಾರ್ಟ್ ಆಗ್ತಿಲ್ಲ ಗುರೂ” ಎಂದು ಜೋರಾಗಿ ನಕ್ಕರು. ಸುತ್ತಲಿನವರೂ ನಕ್ಕರು. ಅವಳು ಗುಂಡಿ ಬಿಟ್ಟಳು.

ಸ್ಟೇಷನ್ ಮ್ಯಾನೇಜರ್ ಜಯಸಿಂಹ ಓಡಿ ಬಂದು ಮೈಕು ತೆಗೆದುಕೊಂಡರು. ಐವತ್ತೈದು ದಾಟಿದ, ಹೊಟ್ಟೆ ತುಸು ಮುಂದೆ ಬಂದ, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವ ಮನುಷ್ಯ. ಪ್ರಕಟಣೆ ಮುಗಿಸಿ ಹೇಳಿದರು: “ನೀನ್ಯಾಕಮ್ಮ ತಲೆ ಕೆಡಿಸ್ಕೊಳ್ತೀಯ? ಇನ್ಮೇಲೆ ಮೈಕ್ ನನಗೆ ಬಿಡು. ನಾನಿಲ್ದಿದ್ರೆ ಗೇಟಿನ ಹುಡುಗರನ್ನ ಕರಿ. ನಿಂಗೆ ಈ ಹಿಂಸೆ ಬೇಡ.”

ಮಗಳಿಗೆ ಹೇಳುವ ಹಾಗೆಯೇ ಹೇಳಿದರು. ಆದರೆ ಆ ಮಾತು ಕೇಳಿ ಅವಳ ಮುಖ ಇಳಿದದ್ದು ಅವರಿಗೆ ಕಾಣಲಿಲ್ಲ. ಮರುದಿನದಿಂದ ಮೈಕು ಮೇಜಿನ ಅವಳ ಕಡೆಯಿಂದ ಅವರ ಕಡೆಗೆ ಸರಿಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ಅದನ್ನು ಮುಟ್ಟಲಿಲ್ಲ.

ಪ್ರಫುಲ್ಲಾ ಡಬ್ಬಿಯೂಟ ಮಾಡುತ್ತಿದ್ದದ್ದು ಛತ್ರದ ಬಾಗಿಲಿನ ಹತ್ತಿರ. ನನಗೆ ಎರಡು ಬಾಗಿಲು. ಸಂತೆ ಬಾಗಿಲು ಕಂಬಳಿ ಅಂಗಡಿಗಳ ಎದುರಿಗೆ, ತಗ್ಗಿನಲ್ಲಿದೆ. ನೂರಕ್ಕೆ ತೊಂಬತ್ತು ಜನ ಅಲ್ಲೇ ಓಡಾಡುತ್ತಾರೆ. ಇನ್ನೊಂದು ತುದಿಯ ಛತ್ರದ ಬಾಗಿಲು ಏರಿನ ಮೇಲೆ, ಹಳೇ ಛತ್ರದ ಪಕ್ಕ ತೆರೆದುಕೊಳ್ಳುತ್ತದೆ. ಅಲ್ಲಿ ಬಸ್‌ಸ್ಟಾಪ್ ಇಲ್ಲ, ಆಟೋ ಇಲ್ಲ, ಅದಕ್ಕೇ ಜನವೂ ಇಲ್ಲ. ಆ ಮೆಟ್ಟಿಲಿನ ಕೆಳಗೆ ಚೌಡಮ್ಮನ ಬಕೆಟ್ಟು, ಪೊರಕೆ ಇಡುವ ಸಣ್ಣ ಕೋಣೆ. ಮೆಟ್ಟಿಲ ಮೇಲೆ ಇಬ್ಬರೂ ಕುಳಿತು ಉಣ್ಣುವರು. ಚೌಡಮ್ಮನ ಮುದ್ದೆ ಅರ್ಧ ಇವಳಿಗೆ, ಇವಳ ಚಿತ್ರಾನ್ನ ಅರ್ಧ ಅವಳಿಗೆ.

ಮರುವರ್ಷ ಯುಗಾದಿ ಕಳೆದ ವಾರ ಪ್ರಫುಲ್ಲಾ ಊಟದ ನಡುವೆ ಹೇಳಿದಳು: “ಚೌಡಕ್ಕ, ನಾನು ಡಿಪೋಗೆ ವರ್ಗ ಕೇಳಿ ಅರ್ಜಿ ಹಾಕಿದೀನಿ. ಸ್ಟೋರ್ ಸೆಕ್ಷನ್. ಅಲ್ಲಿ ಸಾಮಾನು ಎಣಿಸೋದು, ಬರೆಯೋದು. ಯಾರ ಹತ್ರಾನೂ ಮಾ... ಮಾತಾಡ್ಬೇಕಾಗಿಲ್ಲ.”

“ಯಾರ್ ತಾವೂ ಮಾತಾಡ್ದೆ ಎಂಗವ್ವ ಇರ್ತೀಯ? ನಂಗೇ ಈಟೊಂದು ಏಳ್ತೀಯ.”

“ನೀನು ಕಾಯ್ತೀಯ. ಬೇರೆಯವರು ಕಾಯಲ್ಲ.”

ಚೌಡಮ್ಮ ಬೆರಳು ನೆಕ್ಕಿದಳು. “ವೋಗ್ತೀಯ ಅಂದ್ರೆ ವೋಗವ್ವ,” ಎಂದಳು. “ನಾನೇನ್ ನಿನ್ನ ಕಟ್ಟಾಕಕ್ಕಾಯ್ತದ?” ಅವತ್ತು ಅವಳು ಅದೇ ನೆಲವನ್ನು ಎರಡು ಸಲ ಒರೆಸಿದಳು. ನನಗೆ ಮಾತು ಬರುತ್ತಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಏಪ್ರಿಲ್ ಕೊನೆಯ ಗುರುವಾರ, ಮಧ್ಯಾಹ್ನ ಮೂರೂವರೆಗೆ ಆಲಿಕಲ್ಲು ಮಳೆ ಬಿತ್ತು. ಪೇಟೆಯ ಚರಂಡಿಗಳು ಹತ್ತೇ ನಿಮಿಷದಲ್ಲಿ ಉಕ್ಕಿದವು. ನೀರು ರಸ್ತೆಯಿಂದ ಸಂತೆ ಬಾಗಿಲಿನ ಮೆಟ್ಟಿಲಿಗೆ ಇಳಿಯತೊಡಗಿತು. ಜಯಸಿಂಹ ಇದ್ದಬದ್ದ ಕಾವಲುಗಾರರನ್ನೆಲ್ಲ ಕರೆದುಕೊಂಡು ಮೇಲೆ ಓಡಿ, ಮರಳುಮೂಟೆ ಒಟ್ಟಿಸುತ್ತಿದ್ದರು. ಕೆಳಗಿನ ಗಾಜಿನ ಕೋಣೆಯಲ್ಲಿ ಪ್ರಫುಲ್ಲಾ ಒಬ್ಬಳೇ.

ಮೂರು ನಲವತ್ತಕ್ಕೆ ರೈಲೊಂದು ತುಂಬಿ ಬಂದು ನಿಂತು ಬಾಗಿಲು ತೆರೆಯಿತು. ಅದೇ ಗಳಿಗೆಗೆ ನೀರು ಎಲ್ಲೋ ಕೇಬಲ್ಲಿನ ದಾರಿಗೆ ನುಗ್ಗಿತು. ‘ಟಪ್’ ಎಂಬ ಸದ್ದು. ದೊಡ್ಡ ದೀಪಗಳು ಆರಿದವು. ಎಸ್ಕಲೇಟರುಗಳು ನಿಂತವು. ರೈಲಿನ ಕರೆಂಟೂ ಹೋಯಿತು. ಬ್ಯಾಟರಿಯ ಸಣ್ಣ ದೀಪಗಳು ಮಂಕಾಗಿ ಹತ್ತಿಕೊಂಡವು; ಕ್ಯಾಮೆರಾ, ಪರದೆಗಳೂ ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ಸುಟ್ಟ ರಬ್ಬರಿನ ವಾಸನೆ ಪ್ಲಾಟ್‌ಫಾರಮ್ಮಿಗೆ ಹರಡಿತು.

“ಹೊಗೆ! ಹೊಗೆ!” ಎಂದು ಯಾರೋ ಕೂಗಿದರು.

ಬೆಂಕಿಯೇನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಪರದೆ ನೋಡುತ್ತಿದ್ದ ಪ್ರಫುಲ್ಲಾಳಿಗೂ ಗೊತ್ತಿತ್ತು. ಏಳೆಂಟು ನೂರು ಜನಕ್ಕೆ ಗೊತ್ತಿರಲಿಲ್ಲ. ರೈಲಿನಿಂದ ಇಳಿದವರೆಲ್ಲ ತಮಗೆ ಗೊತ್ತಿದ್ದ ಒಂದೇ ದಾರಿಗೆ, ಸಂತೆ ಬಾಗಿಲಿನ ಮೆಟ್ಟಿಲಿಗೆ ನುಗ್ಗಿದರು. ಅಲ್ಲಿ ನೀರು ಇಳಿಯುತ್ತಿತ್ತು. ಮಳೆಗೆ ಹೆದರಿ ಒಳಗೆ ಬಂದ ಇನ್ನೂರು ಜನ ಅದೇ ಮೆಟ್ಟಿಲ ಮೇಲೆ ನಿಂತಿದ್ದರು. ಮೇಲಿನವರು ಕೆಳಕ್ಕೆ, ಕೆಳಗಿನವರು ಮೇಲಕ್ಕೆ ತಳ್ಳತೊಡಗಿದರು.

ಪ್ರಫುಲ್ಲಾ ತುರ್ತು ಪ್ರಕಟಣೆಯ ಕೆಂಪು ಗುಂಡಿ ಒತ್ತಿದಳು. ಮುದ್ರಿಸಿದ ಆ ಸುಂದರ ದನಿ ಬರಬೇಕಿತ್ತು. ಬರಲಿಲ್ಲ. ಮತ್ತೆ ಒತ್ತಿದಳು. ಅದರ ಪೆಟ್ಟಿಗೆ ಸತ್ತುಹೋಗಿತ್ತು.

ವಾಕಿಟಾಕಿಯಲ್ಲಿ ಜಯಸಿಂಹರ ಕೂಗು ಬಂತು: “ಅನೌನ್ಸ್ ಮಾಡಮ್ಮ! ಜನಾನ ಛತ್ರದ ಕಡೆ ತಿರುಗ್ಸು! ನಂಗೆ ಇಲ್ಲಿಂದ ಇಳಿಯೋಕೆ ಜಾಗ ಇಲ್ಲ!”

“ಸರ್, ರೆಕಾರ್ಡಿಂಗ್ ಬ... ಬರ್ತಿಲ್ಲ.”

ಅವರು ದನಿ ತಗ್ಗಿಸಿ, “ಹಾಗಾದ್ರೆ ನೀನೇ ಹೇಳ್ಬೇಕು ಕಣಮ್ಮ,” ಎಂದರು.

ಮೈಕು ಮೇಜಿನ ಆ ತುದಿಯಲ್ಲಿತ್ತು. ಬ್ಯಾಟರಿಯ ಹಸಿರು ದೀಪ ಉರಿಯುತ್ತಿತ್ತು. ಅವಳು ಅದನ್ನು ಎಳೆದುಕೊಂಡಳು. ಗುಂಡಿ ಒತ್ತಿದಳು.

“ಪ್ರ...”

ಅಷ್ಟೇ. ಹತ್ತು ಸೆಕೆಂಡು, ಹನ್ನೆರಡು ಸೆಕೆಂಡು. ಕತ್ತಲಲ್ಲಿ ಯಾರೋ ಶಿಳ್ಳೆ ಹೊಡೆದರು. ಅಷ್ಟರಲ್ಲಿ ಪರದೆಯ ಮೇಲೆ, ಮೆಟ್ಟಿಲಿನ ನಡುಮಧ್ಯೆ ಕೆಂಪು ಸೀರೆಯ ಹೆಂಗಸೊಬ್ಬಳ ಕಾಲು ಜಾರಿತು. ಅವಳು ಮಂಡಿಯೂರಿ ಬಿದ್ದಳು. ಹಿಂದಿನ ಜನ ಅವಳ ಮೇಲೆ ಬಾಗಿದರು.

ಪ್ರಫುಲ್ಲಾ ನಿಯಮದ ವಾಕ್ಯ ಬಿಟ್ಟುಬಿಟ್ಟಳು. ಬಾಯಿಗೆ ಬಂದದ್ದನ್ನು ಹೇಳಿದಳು.

“ಅಯ್ಯೋ, ಅಮ್ಮ ಬಿದ್ದಿದಾರೆ! ಎಲ್ಲಾರೂ ಅಲ್ಲೇ ನಿಲ್ಲಿ!”

ಸ್ವರಾಕ್ಷರಗಳು ಅವಳಿಗೆ ಸುಲಭ. ಒಂದೇ ಉಸಿರಿಗೆ ಬಂತು. ಜನ ತಲೆಯೆತ್ತಿದರು.

“ಬೆ... ಬೆಂಕಿ ಇಲ್ಲ. ವೈರು ಸುಟ್ಟಿದೆ ಅಷ್ಟೇ. ನಂಗೆ ಮಾ... ಮಾ... ಮಾತು ತಡೆಯುತ್ತೆ. ನಾನು ಹೇಳಿ ಮುಗಿಸೋವರೆಗೂ ಯಾರೂ ಹೆಜ್ಜೆ ಎತ್ತಬೇಡಿ. ದಯವಿಟ್ಟು.”

ನಾನು ಅಷ್ಟು ವರ್ಷಗಳಲ್ಲಿ ನೋಡದೇ ಇದ್ದದ್ದನ್ನು ಆಗ ನೋಡಿದೆ. ಜನ ನಿಂತರು. ಸಲೀಸಾಗಿ ಹರಿಯುವ ಮಾತನ್ನು ಕೇಳುತ್ತಲೇ ನಡೆದುಬಿಡಬಹುದು. ಅರ್ಧಕ್ಕೆ ನಿಂತ ಪದವನ್ನು ಹಾಗೆ ಬಿಟ್ಟು ಹೋಗುವುದು ಮನುಷ್ಯರಿಗೆ ಕಷ್ಟವೇನೋ. ಮುಂದೆ ಏನು ಬರುತ್ತದೆ ಎಂದು ಎಂಟುನೂರು ಜನರ ಕಿವಿಗಳು ಕಾದವು.

“ಕೆಂಪು ಸೀರೆ ಅಮ್ಮನ್ನ ಎಬ್ಬಿಸಿ. ಹಾಂ, ನೀವೇ, ಚೆ... ಚೆಕ್ಸ್ ಶರ್ಟಿನವರು. ಅವರ ಕೈ ಕಂಬಿಗೆ ಹಿಡಿಸಿ. ಮೆಟ್ಟಿಲ ಮೇಲಿರೋರು ಅಲ್ಲೇ ಇರಿ, ಇಳೀಬೇಡಿ. ರೈಲಿಂದ ಬಂದೋರು ಹಿಂದಕ್ಕೆ ತಿರುಗಿ. ಆ ಕಡೆ ಇನ್ನೊಂದು ಮೆಟ್ಟಿಲಿದೆ. ಅಲ್ಲಿ ನೀರಿಲ್ಲ. ಅದು ಛ... ಛ...”

ಪದ ಸಿಕ್ಕಿಕೊಂಡಿತು. ಅವಳು ಕಣ್ಣು ಮುಚ್ಚಿ ಪ್ರಯತ್ನಿಸಿದಳು. “ಛ...”

ಪ್ಲಾಟ್‌ಫಾರಮ್ಮಿನಿಂದ ಮುದುಕರೊಬ್ಬರ ದನಿ ಎದ್ದಿತು. ಮೇಲಿನ ಬೀದಿಯಲ್ಲೇ ಐವತ್ತು ವರ್ಷದಿಂದ ಜಮಖಾನ ಮಾರುವವರು. “ಛತ್ರದ ಬಾಗಿಲು! ಛತ್ರದ ಬಾಗಿಲು ಅಂತಿದ್ದಾರೆ ಮೇಡಂ!”

“ಛತ್ರದ ಬಾಗಿಲು!” ಎಂದು ಪಕ್ಕದವನು ಹಿಂದಿನವರಿಗೆ ಕೂಗಿದ. ಹಿಂದಿನವರು ಅದರಾಚೆಗೆ ಕೂಗಿದರು. ಸ್ಪೀಕರು ಸರಿಯಾಗಿ ಕೇಳಿಸದ ಮೂಲೆಗಳಿಗೂ ಆ ಮಾತು ಬಾಯಿಂದ ಬಾಯಿಗೆ ಹೋಗಿ ಮುಟ್ಟಿತು. ಬೇರೆಯವರು ತನ್ನ ಮಾತು ಮುಗಿಸಿದರೆ ಮುಖ ತಿರುಗಿಸುತ್ತಿದ್ದ ಹುಡುಗಿ, ಅವತ್ತು ಮೈಕಿನಲ್ಲಿ “ಹೌದು, ಅದೇ” ಎಂದು ಉಸಿರು ಬಿಟ್ಟಳು.

ಅಷ್ಟರಲ್ಲಿ ಚೌಡಮ್ಮ ಯಾರೂ ಹೇಳದೆಯೇ ತನ್ನ ಕೋಣೆಯಿಂದ ಟಾರ್ಚು ತಂದು ಆ ತುದಿಯಲ್ಲಿ ಎತ್ತಿ ಹಿಡಿದಿದ್ದಳು.

“ದೂರದಲ್ಲಿ ಟಾರ್ಚು ಕಾ... ಕಾ... ಕಾಣ್ತಿದೆಯಲ್ಲ, ಅದು ಚೌಡಕ್ಕ. ಅವರ ಕಡೆ ನಡೀರಿ. ಓಡಬೇಡಿ. ನಾನು ಮಾತಾಡೋಷ್ಟು ನಿಧಾನಕ್ಕೆ ನಡೀರಿ.”

ಈ ಮಾತಿಗೆ ಕೆಲವರು ನಕ್ಕರು. ಈ ನಗು ಬೇರೆಯಾಗಿತ್ತು. ಕೇಳಿ ಅವಳ ಹೆಗಲು ಸಡಿಲವಾಯಿತು. ನಕ್ಕವರು ನಿಧಾನಕ್ಕೇ ನಡೆದರು.

ಅವಳು ನಿಲ್ಲಿಸಲಿಲ್ಲ. ಒಬ್ಬೊಬ್ಬರನ್ನೇ ಪರದೆಯಲ್ಲಿ ಹುಡುಕಿ ಮಾತಾಡಿಸಿದಳು. ಕೋಲೂರಿ ನಡೆಯುವ ಅಜ್ಜನಿಗೆ ದಾರಿ ಬಿಡಿಸಿದಳು, ಸೂಟ್‌ಕೇಸು ಎಳೆಯುತ್ತಿದ್ದವನಿಗೆ ಬದಿಗೆ ಬರಲು ಹೇಳಿದಳು. ಕೊನೆಗೆ ಮೆಟ್ಟಿಲ ಮೇಲಿನವರನ್ನೂ ಸಾಲಾಗಿ ಇಳಿಸಿ ಅದೇ ದಾರಿಗೆ ಕಳಿಸಿದಳು. ಎಷ್ಟೋ ಪದ ಸಿಕ್ಕಿಕೊಂಡವು. ಪ್ರತಿ ಸಲವೂ ಯಾರಾದರೂ ಕಾದರು, ಇಲ್ಲವೇ ಯಾರಾದರೂ ಎತ್ತಿಕೊಟ್ಟರು.

ಇಪ್ಪತ್ತೆರಡು ನಿಮಿಷವಾದ ಮೇಲೆ ಚೌಡಮ್ಮ ಟಾರ್ಚು ಆರಿಸಿ, ಕ್ಯಾಮೆರಾದ ಕಡೆ ನೋಡಿ, ಎರಡೂ ಕೈ ಅಲ್ಲಾಡಿಸಿದಳು. ಎಲ್ಲರೂ ಹೊರಗೆ. ಕೆಂಪು ಸೀರೆಯ ಹೆಂಗಸಿನ ಕಾಲು ಉಳುಕಿತ್ತು. ಅದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಜಯಸಿಂಹ ಕೆಳಗೆ ಬಂದಾಗ ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಶೂ. ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. ಪ್ರಫುಲ್ಲಾ ಎರಡನೇ ನೀರಿನ ಬಾಟಲಿ ಮುಗಿಸುತ್ತಿದ್ದಳು. ಅವರು ಕುರ್ಚಿ ಎಳೆದುಕೊಂಡು ಕುಳಿತು, ಶೂ ಕೆಳಗಿಟ್ಟರು.

“ಒಳ್ಳೇದು ಮಾಡ್ತಿದೀನಿ ಅಂದ್ಕೊಂಡು ನಿನ್ನ ಬಾಯಿ ಕಟ್ಟಿಬಿಟ್ಟಿದ್ನಲ್ಲಮ್ಮ,” ಎಂದರು.

“ನಾನೂ ಕ... ಕಟ್ಟಿಕೊಂಡಿದ್ದೆ ಸರ್,” ಎಂದಳು ಅವಳು.

ನನ್ನನ್ನು ಒಣಗಿಸಿ, ಕೇಬಲ್ಲು ಬದಲಿಸಿ, ಮತ್ತೆ ರೈಲು ಓಡಿಸಲು ಎರಡು ದಿನ ಬೇಕಾಯಿತು. ಸಂತೆ ಬಾಗಿಲಿಗೆ ನೀರು ತಡೆಯುವ ಕಟ್ಟೆ ಎತ್ತರಿಸಿದರು. ತನಿಖೆಯೂ ನಡೆಯಿತು. ವರದಿಯಲ್ಲಿ ಪ್ರಫುಲ್ಲಾಳನ್ನು ಮೆಚ್ಚಿ ಎರಡು ಸಾಲು ಬರೆದು, ಕೆಳಗೆ ‘ನಿಗದಿತ ಘೋಷಣಾ ಪಠ್ಯವನ್ನು ಬಳಸಿರುವುದಿಲ್ಲ’ ಎಂದು ಒಂದು ಸಾಲು ಸೇರಿಸಿದ್ದರು. ಜಯಸಿಂಹ ಅದನ್ನು ಗಟ್ಟಿಯಾಗಿ ಓದಿ, “ನಿಗದಿತ ಅಂತೆ ನಿಗದಿತ!” ಎಂದು ಸಿಡಿದು, ಕಾಗದವನ್ನು ಮೇಜಿಗೆ ಕುಕ್ಕಿದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹನ್ನೆರಡನೇ ದಿನ ಇನ್ನೊಂದು ಕಾಗದ ಬಂತು. ಪ್ರಫುಲ್ಲಾಳ ಅರ್ಜಿ ಮಂಜೂರಾಗಿತ್ತು. ಸೋಮವಾರದಿಂದ ಡಿಪೋದ ಸ್ಟೋರ್ ಸೆಕ್ಷನ್.

ಅವಳು ಆ ಕಾಗದ ಹಿಡಿದುಕೊಂಡು ಛತ್ರದ ಮೆಟ್ಟಿಲಿಗೆ ಹೋದಳು. ಚೌಡಮ್ಮನಿಗೆ ಓದಲು ಬರುವುದಿಲ್ಲ, ಆದರೆ ಸರ್ಕಾರಿ ಮೊಹರು ಕಂಡು ಅರ್ಥವಾಯಿತು. “ಬಂತಾ?” ಎಂದಳಷ್ಟೇ. ಪ್ರಫುಲ್ಲಾ ಡಬ್ಬಿ ತೆರೆಯಲೇ ಇಲ್ಲ. ಒಂದು ರೈಲು ಬಂದು ಹೋಯಿತು, ಇನ್ನೊಂದೂ ಬಂದು ಹೋಯಿತು. ಆಮೇಲೆ ಎದ್ದು ಗಾಜಿನ ಕೋಣೆಗೆ ಬಂದಳು.

“ನಾನು ಸಾಹೇಬರ ಹತ್ರ ಮಾತಾಡ್ತೀನಿ, ಕ್ಯಾನ್ಸಲ್ ಮಾಡಿಸ್ತೀನಿ,” ಎಂದು ಜಯಸಿಂಹ ಆಗಲೇ ಫೋನೆತ್ತಿದ್ದರು.

“ಬೇಡ ಸರ್. ನಾನೇ ಮಾತಾಡ್ತೀನಿ.”

ಫೋನು ಕೈಗೆ ತೆಗೆದುಕೊಂಡಳು. ದೊಡ್ಡ ಕಚೇರಿಯ ಸಿಬ್ಬಂದಿ ವಿಭಾಗದ ಅಧಿಕಾರಿ ಎತ್ತಿದರು. “ಹಲೋ, ಯಾರು?”

“ಸರ್, ನಾನು ಪ್ರ...” ಕಟ್ಟಿತು.

“ಹಲೋ? ಹಲೋ? ಕೇಳ್ತಿಲ್ಲ. ಲೈನ್ ಸರಿಯಿಲ್ಲ.” ಫೋನ್ ಇಟ್ಟರು.

ಅವಳು ಮತ್ತೆ ಮಾಡಿದಳು. “ಸರ್, ಕ... ಕ...”

“ಹಲೋ? ಎಂಥ ಲೈನಪ್ಪ ಇದು!” ಮತ್ತೆ ಇಟ್ಟರು.

ಜಯಸಿಂಹ ಕೈ ಮುಂದೆ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡರು. ಗಾಜಿನ ಹೊರಗೆ ಚೌಡಮ್ಮ ಒರೆಸಿದ ಜಾಗವನ್ನೇ ಒರೆಸುತ್ತಿದ್ದಳು. ಪ್ರಫುಲ್ಲಾಳ ಕೆನ್ನೆ ಕೆಂಪಾಗಿತ್ತು. ಮೂರನೇ ಸಲ ನಂಬರು ಒತ್ತಿದಳು. ಆ ಕಡೆಯವರು ಬಾಯಿ ತೆರೆಯುವ ಮೊದಲೇ ಹೇಳಿದಳು:

“ಸರ್, ಇಡಬೇಡಿ. ಲೈನ್ ಸರಿಯಾಗೇ ಇದೆ. ನಾನು ತೊದಲ್ತೀನಿ. ನಾನು ಸುಮ್ಮನಾದ್ರೆ ಮಾತು ಬರ್ತಾ ಇದೆ ಅಂತ ಅರ್ಥ.”

“ಹೇಳಮ್ಮ. ಕೇಳ್ತಿದೀನಿ,” ಎಂದರು ಅಧಿಕಾರಿ.

“ನಾನು ಪ್ರ... ಪ್ರ... ಪ್ರಫುಲ್ಲಾ. ಕ... ಕ... ಕಂಬಳಿಪೇಟೆ ಸ್ಟೇಷನ್ ಕಂಟ್ರೋಲರ್.”

ಹನ್ನೊಂದನೇ ಸ್ಟೇಷನ್ ಎನ್ನಲಿಲ್ಲ. ಬಳಸು ದಾರಿ ಹಿಡಿಯಲಿಲ್ಲ. ನನ್ನ ಹೆಸರನ್ನು ಅವಳ ಬಾಯಲ್ಲಿ ಪೂರ್ತಿಯಾಗಿ ನಾನು ಕೇಳಿದ್ದು ಅದೇ ಮೊದಲು. ದಿನಕ್ಕೆ ಮುನ್ನೂರು ಸಲ ಸ್ಪೀಕರಿನಲ್ಲಿ ಕೇಳುವ ಹೆಸರು. ಅವಳು ಹೇಳಿದಾಗ, ಇದು ನನ್ನನ್ನೇ ಕರೆದದ್ದು ಅನ್ನಿಸಿತು.

ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಅಧಿಕಾರಿ ಕೊನೆಯವರೆಗೂ ಕೇಳಿದರು. ಕಾರಣ ಕೇಳಿದ್ದಕ್ಕೆ ಅವಳು, “ಇಲ್ಲಿ ಮಾತಾಡೋ ಕೆಲಸ ಇದೆ ಸರ್,” ಎಂದಳು.

ಅವತ್ತಿನಿಂದ ಮೈಕು ಮೇಜಿನ ಅವಳ ಕಡೆಗೇ ಇತ್ತು. ಅವಳ ತೊದಲು ಹೋಗಲಿಲ್ಲ. ಮುದ್ರಿಸಿದ ಮಾತು ಸಾಲದ ಹೊತ್ತಿನಲ್ಲೆಲ್ಲ ಅವಳೇ ಹೇಳುತ್ತಿದ್ದಳು. ಹೊಸಬರು ಕೆಲವರು ನಗುತ್ತಿದ್ದರು. ದಿನವೂ ಬರುವವರು ಕೈಯಲ್ಲಿನ ಫೋನು ಕೆಳಗಿಳಿಸಿ ಕೇಳಿಸಿಕೊಳ್ಳುತ್ತಿದ್ದರು. ಸ್ಪಷ್ಟವಾಗಿಲ್ಲ ಎಂದು ಒಮ್ಮೆ ಒಬ್ಬರು ದೂರು ಬರೆದರು. ಅವಳು ಅದಕ್ಕೆ ತಾನೇ ಉತ್ತರ ಬರೆದು, ಅವರು ಮುಂದಿನ ಸಲ ಬಂದಾಗ ಕೌಂಟರಿಗೆ ಕರೆದು ಮಾತಾಡಿಸಿದಳು.

ಹೀಗೆ ಆರು ವರ್ಷ. ಆಮೇಲೆ ಬಡ್ತಿ ಬಂತು. ಹೊಸ ಮಾರ್ಗದ ದೊಡ್ಡ ನಿಲ್ದಾಣವೊಂದಕ್ಕೆ ಮ್ಯಾನೇಜರ್ ಆಗಿ ಹೋದಳು. ಅದು ಅವಳು ಬೇಡಿಕೊಂಡದ್ದಲ್ಲ, ಓಡಿಹೋದದ್ದೂ ಅಲ್ಲ. ಹೊರಟ ದಿನ ಚೌಡಮ್ಮ ಅಳಲಿಲ್ಲ, ಬೈದಳು. ಜಯಸಿಂಹ ಅಷ್ಟರಲ್ಲಿ ನಿವೃತ್ತರಾಗಿದ್ದರು; ಹೂವಿನ ಬೊಕೆ ಕಳಿಸಿದ್ದರು.

ನನಗೆ ವರ್ಗಾವಣೆ ಇಲ್ಲ, ನಿವೃತ್ತಿಯೂ ಇಲ್ಲ. ನಮ್ಮಂಥವರಿಗೆ ನೂರು ವರ್ಷ ಆಯಸ್ಸು ಎಂದು ನಕ್ಷೆ ಬರೆದವರು ಹೇಳಿದ್ದು ಕೇಳಿದ್ದೇನೆ. ಈಗ ನನಗೆ ಹನ್ನೊಂದು. ಹೆಚ್ಚು ಜನ ತುಳಿಯುವ ಕಡೆ ಟೈಲ್ಸ್ ಬಣ್ಣ ಕಳೆದುಕೊಂಡಿದೆ, ಒಂದು ಎಸ್ಕಲೇಟರಿಗೆ ಕೀಲುನೋವು ಬಂದಿದೆ. ನನ್ನ ಮೇಲೆ ಲಾರಿ ಓಡುತ್ತದೆ, ಒಳಗೆ ರೈಲು ಓಡುತ್ತದೆ. ಇಲ್ಲಿಗೆ ಯಾರೂ ಇರಲು ಬರುವುದಿಲ್ಲ. ಬೇರೆಲ್ಲಿಗೋ ಹೋಗಲು ಬರುತ್ತಾರೆ. ಮೊದಲು ಅದಕ್ಕೆ ಬೇಸರವಿತ್ತು. ಈಗ, ಹೋಗುವವರು ಒಂದು ಗಳಿಗೆ ನಿಂತು ಒಬ್ಬರ ಮಾತು ಒಬ್ಬರು ಕೇಳಿದರೆ ಸಾಕು ಎನ್ನಿಸುತ್ತದೆ.

ಮಂಗಳವಾರ ಸಂಜೆ ಪ್ರಫುಲ್ಲಾ ಸಭೆಗೆಂದು ಈ ದಾರಿಯಲ್ಲೇ ಹೋಗುತ್ತಾಳೆ. ಇಳಿಯಲು ಬಿಡುವಿಲ್ಲ. ಯಾವ ಬೋಗಿ ಎಂದು ಚೌಡಮ್ಮನಿಗೆ ಗೊತ್ತು. ಒರೆಸುವ ಕೋಲು ಹಿಡಿದು ಸರಿಯಾಗಿ ಆ ಬಾಗಿಲಿನ ಎದುರಿಗೇ ನಿಂತಿರುತ್ತಾಳೆ. ಬಾಗಿಲು ತೆರೆದಿರುವುದು ಇಪ್ಪತ್ತೈದು ಸೆಕೆಂಡು.

ಕಳೆದ ತಿಂಗಳು ಇಳಿಯುವವರ ನೂಕಿನಲ್ಲಿ ತಡವಾಗಿ ಬಾಗಿಲಿಗೆ ಬಂದ ಪ್ರಫುಲ್ಲಾ ಹೊರಗೆ ಬಾಗಿ, “ಚೌಡಕ್ಕ, ನಮ್ಮ ಅಮ್ಮಂಗೆ ಕ... ಕ...” ಎಂದಳು. ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳ ತುಟಿ ಆಡುತ್ತಲೇ ಇತ್ತು. ರೈಲು ಸುರಂಗದೊಳಗೆ ಹೋಗುವಾಗಲೂ ಹೇಳುತ್ತಿದ್ದಳು. ಚೌಡಮ್ಮನಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

ಮುಂದಿನ ಮಂಗಳವಾರ ಬಾಗಿಲು ತೆರೆಯಿತು. ಪ್ರಫುಲ್ಲಾ ನಮಸ್ಕಾರ ಹೇಳಲಿಲ್ಲ, ಹೇಗಿದ್ದೀಯ ಎನ್ನಲಿಲ್ಲ. ಹಿಂದಿನ ವಾರ ಮಾತು ನಿಂತಲ್ಲಿಂದಲೇ ಮುಂದುವರಿಸಿದಳು: “...ಕಣ್ಣಿನ ಆಪರೇಷನ್ ಆಯ್ತು! ಚೆನ್ನಾಗಿ ಕಾಣುತ್ತಂತೆ!”

“ಅಯ್ ನಿನ್ನ! ಕಣ್ಣಿಂದಾ?” ಎಂದು ಚೌಡಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. “ವಾರದಿಂದ ನಾನು ಕಾಲೋ ಕೈಯೋ ಅಂತ ಒದ್ದಾಡ್ತಾ ಇದ್ನಲ್ಲವ್ವ!”

ಇಬ್ಬರೂ ನಕ್ಕರು. ಬಾಗಿಲು ಮುಚ್ಚಲು ಇನ್ನೂ ಹನ್ನೆರಡು ಸೆಕೆಂಡು ಇತ್ತು.